ಐಸ್ ಫಿಶಿಂಗ್ ಇಲ್ಲದ ತಿಂಗಳುಗಳಲ್ಲಿ ಮೈ ಪಳಗಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಮಿನೆಸೋಟ ರಾಜ್ಯದಲ್ಲಿದ್ದೇನೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಮೀನು ಹಿಡಿಯಲು ಹೋಗುತ್ತೇನೆ. ಮಾರ್ಚ್ ಕಳೆದರೆ ಡಿಸೆಂಬರ್‌ವರೆಗೂ ಕಂಪ್ಯೂಟರ್ ಮುಂದೆಯೇ. ಪ್ರತಿ ವರ್ಷ ಮೊದಲ ದಿನವೇ ಸೊಂಟ ಹಿಡಿದುಕೊಳ್ಳುತ್ತದೆ. ಜಿಮ್‌ಗೆ ಸೇರಲೇಬೇಕೇ?

ಉತ್ತರ: ಬೇಕಿಲ್ಲ. ಆದರೆ ಸೊಂಟ ಹಿಡಿಯುವುದು ಯಾವ ಕೆಲಸದಿಂದ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಹೆಚ್ಚಿನವರು ಐಸ್ ಕೊರೆಯುವ ಸುರುಳಿ ಬೈರಿಗೆಯನ್ನು, ಅಂದರೆ ಆಗರನ್ನು, ದೂರುತ್ತಾರೆ. ಡಿಸೆಂಬರ್ ಮೊದಲಿಗೆ ಐಸ್ ಇರುವುದೇ ನಾಲ್ಕೈದು ಅಂಗುಲ; ಬ್ಲೇಡ್ ಹರಿತವಾಗಿದ್ದರೆ ತೂತು ಕೊರೆಯಲು ಹೆಚ್ಚು ಹೊತ್ತು ಬೇಡ. ಭಾರವೆಲ್ಲ ಸಾಮಾನು ಹೇರಿ ಐಸ್ ಮೇಲೆ ಎಳೆಯುವ ಜಾರುಬಂಡಿಯಲ್ಲಿ, ಅಂದರೆ ಸ್ಲೆಡ್‌ನಲ್ಲಿದೆ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ 4 ಅಂಗುಲ ಗಟ್ಟಿ, ತಿಳಿ ಐಸ್ ಮೇಲೆ ನಡೆದು ಹೋಗಬಹುದು ಎನ್ನುತ್ತದೆ. ಹಿಮದ ಮೇಲೆ ಓಡುವ ಮೋಟಾರು ಬಂಡಿ ಸ್ನೋಮೊಬೈಲ್‌ಗೆ, ಕಾರಿಗೆ ಅದು ಸಾಲದು. ಹಾಗಾಗಿ ಋತುವಿನ ಆರಂಭದಲ್ಲಿ ಡೇರೆ, ಹೀಟರ್, ಆಗರ್, ಬಕೆಟ್ ಎಲ್ಲವನ್ನೂ ನೀವೇ ಎಳೆಯಬೇಕು. ಹೊರೆ 40 ಕೆ.ಜಿ. ದಾಟುವುದು ಸಾಮಾನ್ಯ.

ಆದ್ದರಿಂದ ಎಳೆಯುವುದನ್ನೇ ಕಲಿಯಿರಿ. ಹಳೆಯ ಕಾರ್ ಟೈರ್‌ಗೆ ಎರಡು ಮೀಟರ್ ಹಗ್ಗ ಕಟ್ಟಿ, ಒಳಗೆ 10 ಕೆ.ಜಿ. ಮರಳು ಚೀಲ ಇಟ್ಟು, ಹುಲ್ಲಿನ ಮೇಲೆ 30 ಮೀಟರ್ ಎಳೆಯಿರಿ. ಒಂದು ನಿಮಿಷ ನಿಂತು ಮತ್ತೆ. ಆರು ಸುತ್ತು, ವಾರಕ್ಕೆ ಎರಡು ದಿನ. ಎರಡು ವಾರಕ್ಕೊಮ್ಮೆ 5 ಕೆ.ಜಿ. ಏರಿಸಿ. ಹಗ್ಗವನ್ನು ಸೊಂಟದ ಅಗಲ ಪಟ್ಟಿಗೆ ಕಟ್ಟಬೇಕು, ಕೈಯಲ್ಲಿ ಹಿಡಿಯಬಾರದು. ಒಂದೇ ಕೈಯಲ್ಲಿ ಹಿಂದಕ್ಕೆ ಹಿಡಿದು ಎಳೆದರೆ ಪ್ರತಿ ಹೆಜ್ಜೆಗೂ ಬೆನ್ನು ತಿರುಚುತ್ತದೆ. ಕೆರೆಯ ಮೇಲೂ ಸೊಂಟಕ್ಕೆ ಏಟು ಬೀಳುವುದು ಇಲ್ಲೇ.

ಎರಡನೆಯ ಅಪರಾಧಿ ಬಕೆಟ್. ಐದು ಗ್ಯಾಲನ್ ಬಕೆಟ್ ಸುಮಾರು 37 ಸೆಂ.ಮೀ. ಎತ್ತರ, ಅಂದರೆ ಕುರ್ಚಿಗಿಂತ ಕೆಳಗೆ. ಅದರ ಮೇಲೆ ಎರಡು ಗಂಟೆ ಮುದುಡಿ ಕೂತು, ಬೆನ್ನು ಬಾಗಿಸಿಕೊಂಡೇ ಥಟ್ಟನೆ ಎದ್ದು ಭಾರ ಎತ್ತಿದರೆ ಸೊಂಟ ಸುಮ್ಮನಿರುವುದಿಲ್ಲ. ಮನೆಯಲ್ಲಿ ಬಕೆಟ್ ಬೋರಲು ಹಾಕಿ, ಕೈ ಊರದೆ, ಮೂರು ಎಣಿಸುವಷ್ಟು ನಿಧಾನವಾಗಿ ಕೂತು ಏಳಿ: ಎಂಟರಂತೆ ಮೂರು ಸಲ. ಬಸ್ಕಿ ಹೊಡೆಯುವ ರೂಢಿ ಇದ್ದವರಿಗೆ ಇದು ಸುಲಭ.

ಬಾಗುವ ಕ್ರಮವನ್ನೂ ಸರಿಪಡಿಸಿಕೊಳ್ಳಿ. ಗೋಡೆಗೆ ಬೆನ್ನು ಮಾಡಿ 20 ಸೆಂ.ಮೀ. ಮುಂದೆ ನಿಲ್ಲಿ. ಮಂಡಿ ತುಸು ಸಡಿಲಿಸಿ, ಬೆನ್ನು ನೆಟ್ಟಗಿಟ್ಟು, ಪೃಷ್ಠವನ್ನು ಹಿಂದೆ ಸರಿಸಿ ಗೋಡೆ ಮುಟ್ಟಿಸಿ. ಹನ್ನೆರಡರಂತೆ ಮೂರು ಸಲ. ಎರಡು ವಾರದ ಮೇಲೆ ಇಂಡಿಯನ್ ಅಂಗಡಿಯ 20 ಪೌಂಡ್ ಅಕ್ಕಿ ಚೀಲವನ್ನು ಎದೆಗೆ ಅಪ್ಪಿಕೊಂಡು ಮಾಡಿ. ಅದು 9 ಕೆ.ಜಿ., ಡಂಬೆಲ್ ಕೊಳ್ಳುವ ಖರ್ಚು ಉಳಿಯಿತು. ತೊಡೆಯ ಹಿಂಭಾಗ ಬಿಗಿದರೆ ಸರಿಯಾಗಿದೆ. ಸೊಂಟ ನೋಯುತ್ತಿದ್ದರೆ ಬೆನ್ನು ಬಾಗಿದೆ ಎಂದರ್ಥ.

ಆಗರ್‌ನ ಸರದಿ ಬರುವುದು ಜನವರಿ, ಫೆಬ್ರವರಿಯಲ್ಲಿ. 24 ಅಂಗುಲ ಐಸ್‌ನಲ್ಲಿ 8 ಅಂಗುಲದ ತೂತು ಕೊರೆದರೆ ಸುಮಾರು 18 ಕೆ.ಜಿ. ಐಸ್ ಹೊರಬರುತ್ತದೆ, 6 ಅಂಗುಲದ್ದಾದರೆ 10 ಮಾತ್ರ. ಬ್ಲೂಗಿಲ್, ಕ್ರಾಪಿ, ಪರ್ಚ್‌ನಂಥ ಚಿಕ್ಕ ಮೀನುಗಳಿಗೆ 6 ಧಾರಾಳ. ಕೈ ಆಗರ್ ತಿರುಗಿಸುವುದು ಒರಳಲ್ಲಿ ರುಬ್ಬಿದ ಹಾಗೆ: ತೋಳೊಂದನ್ನೇ ನಂಬಿದರೆ ಬೇಗ ಸೋಲುತ್ತೀರಿ, ಇಡೀ ಮೈ ತೂಗಬೇಕು. ವ್ಯಾಯಾಮದ ರಬ್ಬರ್ ಬ್ಯಾಂಡನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೊಟ್ಟೆಯ ಕಡೆ ಎಳೆಯುವ ವ್ಯಾಯಾಮ ಹನ್ನೆರಡರಂತೆ ಮೂರು ಸಲ ಸಾಕು. ಬಾಗಿಲು ನಿಮ್ಮ ಕಡೆ ತೆರೆಯುವಂಥದ್ದಾಗಿರಬಾರದು.

ಹೃದಯದ ವಿಷಯದಲ್ಲಿ ಉಡಾಫೆ ಬೇಡ. ಚಳಿಗೆ ರಕ್ತನಾಳ ಕುಗ್ಗಿ ಬಿ.ಪಿ. ಏರುತ್ತದೆ, ಮೇಲೆ ಉಸಿರು ಬಿಗಿಹಿಡಿದು ತೋಳಿನ ಕೆಲಸ ಮಾಡಿದರೆ ಇನ್ನಷ್ಟು. ವಾರಕ್ಕೆ 150 ನಿಮಿಷ ಚುರುಕು ನಡಿಗೆ ವರ್ಷವಿಡೀ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಟೈರ್ ಕಟ್ಟುವ ಮುಂಚೆಯೇ ವೈದ್ಯರನ್ನು ಕಾಣಬೇಕು.

ಐಸ್ ಒಡೆದು ನೀರಿಗೆ ಬಿದ್ದರೆ ಬೇಕಾಗುವ ಶಕ್ತಿಯೇ ಬೇರೆ. ತಣ್ಣೀರಿಗೆ ಬಿದ್ದ ದೇಹಕ್ಕೆ ಏನಾಗುತ್ತದೆಂದು ಅಧ್ಯಯನ ಮಾಡಿದ, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ ಲೆಕ್ಕ 1-10-1: ಉಸಿರು ಹತೋಟಿಗೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಮೈ ತಣಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಆ ಹತ್ತು ನಿಮಿಷದಲ್ಲಿ ಕೆಲವರು ನೆಟ್ಟಗೆ ನೇತುಬಿದ್ದು ತೋಳಿನಿಂದ ಮೈ ಎತ್ತಲು ಹೋಗಿ ಸೋಲುತ್ತಾರೆ. ಮೊದಲು ಕಾಲು ಬಡಿದು ಮೈಯನ್ನು ಅಡ್ಡ ತೇಲಿಸಬೇಕು, ಆಮೇಲೆ ಮುಂದಕ್ಕೆ ಜಾರಿ ಹತ್ತಬೇಕು, ಹತ್ತಿದ ಮೇಲೆ ಎದ್ದು ನಿಲ್ಲದೆ ಬಂದ ದಾರಿಯತ್ತ ಉರುಳಬೇಕು. ಬೇಸಿಗೆಯಲ್ಲಿ ಲೈಫ್‌ಗಾರ್ಡ್ ಇರುವ ಈಜುಕೊಳದಲ್ಲಿ, ಏಣಿ ಬಳಸದೆ ಅಂಚಿನಿಂದ ಹತ್ತುವುದನ್ನು ಹೀಗೇ ಅಭ್ಯಾಸ ಮಾಡಿ. ಇಷ್ಟೆಲ್ಲ ಮಾಡಿದರೂ ಕೊರಳಲ್ಲಿ ಐಸ್ ಪಿಕ್ (ಐಸ್‌ಗೆ ಚುಚ್ಚಿ ಹಿಡಿದುಕೊಳ್ಳುವ, ಹಿಡಿಯಿರುವ ಚೂಪು ಮೊಳೆ) ಇರಲೇಬೇಕು. ಒದ್ದೆ ಐಸ್ ಮೇಲೆ ಬರಿಗೈಗೆ ಹಿಡಿತ ಸಿಗದು.

ಏಪ್ರಿಲ್‌ನಿಂದಲೇ ಟೈರ್ ಎಳೆಯಬೇಕಿಲ್ಲ. ಆಗಸ್ಟ್‌ವರೆಗೆ ನಡಿಗೆ, ಈಜು, ಬಕೆಟ್. ಸೆಪ್ಟೆಂಬರ್‌ನಿಂದ ಭಾರದ ಕೆಲಸ. ನವೆಂಬರ್ ಕೊನೆಯ ವಾರ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ದಣಿದ ಕಾಲಲ್ಲೇ ಐಸ್ ಮೇಲೆ ಇಳಿಯುತ್ತೀರಿ.