ರಿಪೋರ್ಟ್ ನಾರ್ಮಲ್ ಬಂದ ಮೇಲೆ

ನಮ್ಮ ಧಾರವಾಡದ ಕಡೆ ಮನೋವಿಭಾಗದ ಬಾಗಿಲಿಗೆ ಅತಿ ದಪ್ಪ ಫೈಲ್ ಹಿಡಿದು ಬರುವವರು ಎರಡು ಥರದ ಜನ. ವರ್ಷಗಟ್ಟಲೆ ನಡು, ಕುತ್ತಿಗೆ, ಮೊಣಕಾಲು ನೋವಿನಲ್ಲಿ ಬೆಂದವರು ಒಂದು ಕಡೆ. ಊಟ ಸೇರದೆ ಸೊರಗಿದ ಹುಡುಗಿಯರು ಇನ್ನೊಂದು ಕಡೆ. ಇಬ್ಬರ ಕೈಯಲ್ಲೂ ಜವಳಿ ಅಂಗಡಿಯ ಚೀಲ, ಅದರೊಳಗೆ ಸ್ಕ್ಯಾನಿಂಗ್, ಎಂಡೋಸ್ಕೋಪಿ, ರಕ್ತ ತಪಾಸಣೆಯ ಕಾಗದ. ಇಬ್ಬರೂ ಕೇಳಿಸಿಕೊಂಡು ಬಂದ ಮಾತು ಒಂದೇ: "ಎಲ್ಲಾ ನಾರ್ಮಲ್ ಐತಿ. ನಿಮಗೇನೂ ಆಗಿಲ್ಲ. ಟೆನ್ಶನ್ ತಗೋಬ್ಯಾಡ್ರಿ."

ಹೇಳಿದವರು ಧೈರ್ಯ ತುಂಬಲಿಕ್ಕೆ ಹೇಳಿರುತ್ತಾರೆ. ಮನೆಯವರಿಗೆ ಅದು ಬೇರೆಯೇ ಕೇಳಿಸುತ್ತದೆ. ಡಾಕ್ಟರೇ ಏನೂ ಆಗಿಲ್ಲ ಅಂದರು, ಅಂದಮೇಲೆ ಇದು ನಾಟಕ, ಇಲ್ಲಾ ಹಟ, ಇಲ್ಲಾ ಯಾರದೋ ದೃಷ್ಟಿ. ಕಾಯಿಲೆಯ ಹುಡುಕಾಟ ನಿಜವಾಗಿ ಶುರುವಾಗಬೇಕಾದದ್ದು ಅಲ್ಲಿಂದ. ನಮ್ಮಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಗುಳಿಗೆ ಬರೆಯುವವಳಲ್ಲ, ಮಾತೇ ನನ್ನ ಕಸುಬು. ಅದಕ್ಕಾಗಿಯೇ ಈ ಒಂದು ಮಾತು ಮಾಡುವ ಹಾನಿ ನನ್ನನ್ನು ಬಹಳ ಕಾಡುತ್ತದೆ.

ಮೊದಲು ನೋವು. ಬ್ಯಾಡಗಿ ಸುತ್ತಮುತ್ತ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ನೆನೆಯಿರಿ. ನೆಲಕ್ಕೆ ಕೂತು, ನಡು ಬಗ್ಗಿಸಿ, ಹೊತ್ತು ಮುಳುಗುವತನಕ ಕೆಲಸ. ಅಂಥ ಹಲವರ ಕತೆ ಸೇರಿಸಿ ಒಬ್ಬ ಅಕ್ಕನನ್ನು ನಿಮ್ಮ ಮುಂದೆ ನಿಲ್ಲಿಸುತ್ತೇನೆ. ವಯಸ್ಸು ಐವತ್ತರ ಆಸುಪಾಸು. ಎಂಆರ್‌ಐ ವರದಿಯಲ್ಲಿ ಡಿಸ್ಕ್, ಅಂದರೆ ಬೆನ್ನೆಲುಬುಗಳ ನಡುವಿನ ಮೆತ್ತೆ, ಉಬ್ಬಿದೆ, ಸವೆದಿದೆ ಎಂದು ಬರೆದಿದೆ. "ನನ್ನ ಎಲುಬು ಸವದಾವ್ರಿ, ಬಗ್ಗಿದ್ರ ಮುರೀತಾವಂತ" ಎನ್ನುತ್ತಾರೆ. ಆ ಮೇಲೆ ಕೊಡ ಎತ್ತಿಲ್ಲ, ರೊಟ್ಟಿ ಬಡಿದಿಲ್ಲ, ಜಾತ್ರೆಗೆ ಹೋಗಿಲ್ಲ. ವಾರಕ್ಕೊಮ್ಮೆ ಊರಿನ ದವಾಖಾನೆಯಲ್ಲಿ ನೋವಿನ ಇಂಜೆಕ್ಷನ್.

ಈ ಅಕ್ಕನಿಗೆ ಯಾರೂ ಹೇಳದ ಸಂಗತಿ ಒಂದಿದೆ. ನಡು ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಅಮೆರಿಕದ ನರ-ರೇಡಿಯಾಲಜಿ ಪತ್ರಿಕೆಯಲ್ಲಿ ಬಂತು. ಇಪ್ಪತ್ತರ ಹರೆಯದಲ್ಲೇ ನೂರರಲ್ಲಿ 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಐವತ್ತರಲ್ಲಿ 80, ಎಂಬತ್ತರಲ್ಲಿ 96. ಡಿಸ್ಕ್ ಉಬ್ಬು ಐವತ್ತರ ವಯಸ್ಸಿನವರಲ್ಲಿ ನೂರಕ್ಕೆ 60. ಇವರಲ್ಲಿ ಒಬ್ಬರಿಗೂ ನೋವಿರಲಿಲ್ಲ. ಅಂದರೆ ಸ್ಕ್ಯಾನಿನಲ್ಲಿ ಕಂಡ ಸವೆತ ಬಹುತೇಕ ತಲೆಯ ನರೆಗೂದಲಿದ್ದಂತೆ, ವಯಸ್ಸಿನ ಗುರುತು. ಅದನ್ನೇ ಭಯಾನಕ ಹೆಸರಿಟ್ಟು ಕೈಗೆ ಕೊಟ್ಟರೆ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ಆ ಮಾತೇ ಬೇರೆ. ಅಂಥವರಿಗೆ ತಪಾಸಣೆ ತಡವಾಗಕೂಡದು.

ಹಾಗಾದರೆ ಅಕ್ಕನ ನೋವು ಸುಳ್ಳೇ? ಖಂಡಿತ ಅಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಐಎಎಸ್‌ಪಿ 1979ರಲ್ಲಿ ಕೊಟ್ಟು 2020ರಲ್ಲಿ ತಿದ್ದಿದ ವ್ಯಾಖ್ಯೆಯಲ್ಲೇ ನೋವೆಂದರೆ ದೇಹದ ಸಂವೇದನೆಯೂ ಹೌದು, ಭಾವದ ಅನುಭವವೂ ಹೌದು. ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕನ್ ವೈದ್ಯರು, ದೊಡ್ಡ ಗಾಯವಾದ ಅನೇಕ ಸೈನಿಕರು ನೋವಿನ ಔಷಧ ಬೇಡವೆಂದದ್ದನ್ನು ಕಂಡು 1946ರಲ್ಲಿ ಬರೆದರು. ಯುದ್ಧದಿಂದ ಜೀವಂತ ಹೊರಬಂದವನಿಗೆ ಆ ಗಾಯದ ಅರ್ಥವೇ ಬೇರೆಯಾಗಿತ್ತು. ಗಾಯದ ಅಳತೆಯೂ ನೋವಿನ ಅಳತೆಯೂ ಒಂದೇ ಅಲ್ಲ. 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಇದಕ್ಕೊಂದು ದಾರಿ ತೋರಿಸಿದರು. ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ಹೆಚ್ಚು ಕಡಿಮೆ ಬಿಡುವ ಬಾಗಿಲಿದೆ, ಮಿದುಳೂ ಮೇಲಿನಿಂದ ಅದರ ಮೇಲೆ ಹಿಡಿತ ಇಟ್ಟುಕೊಂಡಿದೆ ಎಂದರು. ಸಿದ್ಧಾಂತದ ವಿವರಗಳು ಆಮೇಲೆ ಬದಲಾದವು, ತಿರುಳು ಉಳಿಯಿತು.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಅಷ್ಟೊತ್ತಿಗೆ ಅನೇಕರಲ್ಲಿ ನರಮಂಡಲವೇ ಸೂಕ್ಷ್ಮವಾಗಿರುತ್ತದೆ, ಸಣ್ಣ ಒತ್ತಡವೂ ದೊಡ್ಡ ನೋವಾಗಿ ತಲುಪುತ್ತದೆ. ಬಗ್ಗಿದರೆ ಮುರಿಯುತ್ತದೆ ಎಂಬ ಭಯ ಸೇರಿದರೆ ಚಲನೆ ನಿಲ್ಲುತ್ತದೆ, ಸ್ನಾಯು ಸೊರಗುತ್ತದೆ, ನಿದ್ದೆ ಕೆಡುತ್ತದೆ, ನೋವು ಏರುತ್ತದೆ. ಮನೋವಿಜ್ಞಾನಿಗಳಾದ ವ್ಲಾಯೆನ್ ಮತ್ತು ಲಿಂಟನ್ 2000ದಲ್ಲಿ ವಿವರಿಸಿದ ಈ ಸುಳಿಯನ್ನು ನಾನು ರೋಗಿಯ ಮುಂದೆಯೇ ಕಾಗದದ ಮೇಲೆ ಬರೆದು ತೋರಿಸುತ್ತೇನೆ. "ಹೌದ್ರಿ, ಹಿಂಗ ಆಗೈತಿ" ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ.

ಚಿಕಿತ್ಸೆಯಲ್ಲಿ ಪವಾಡವಿಲ್ಲ. ನೋವು ಪೂರ್ತಿ ಮಾಯವಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಮನೋಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿದರೂ ಸಿಗುವ ಲಾಭ ಸಣ್ಣದು, ಆದರೆ ಖರೆ. ಗದಗ-ಬೆಟಗೇರಿಯ ಮಗ್ಗದ ಮೇಲೆ ಭುಜ ನೋಯಿಸಿಕೊಂಡ ನೇಕಾರರಿಗೆ ಹೇಳುವುದು ಇಷ್ಟು: ಆರಾಮ ಅನಿಸಿದ ದಿನ ಮೂರು ದಿನದ ಕೆಲಸ ಮಾಡಿ ಮರುದಿನ ಮಲಗಬೇಡಿ. ಗಡಿಯಾರ ನೋಡಿ ಇಷ್ಟು ಹೊತ್ತು ನೇಯಿರಿ. ನೋವಿಲ್ಲದಿದ್ದರೂ ಏಳಿರಿ, ನೋವಿದ್ದರೂ ಹೊತ್ತಾದ ಮೇಲೆ ಮತ್ತೆ ಕೂಡಿರಿ. ಕೇಳಲು ಸರಳ. ಮಾಡಲು ವಾರಗಳೇ ಬೇಕು, ಮನೆಯವರ ಬೆಂಬಲ ಬೇಕು, ದಿನಗೂಲಿಯ ಲೆಕ್ಕ ಅಡ್ಡ ಬರುತ್ತದೆ. ಕೂಲಿ ಬಿಟ್ಟು ಮೇಲಿಂದ ಮೇಲೆ ಹುಬ್ಬಳ್ಳಿಗೆ ಬಾ ಎಂದು ಒಬ್ಬ ನೇಕಾರನಿಗೆ ಹೇಳುವಾಗ ನನ್ನ ಮನಸ್ಸಿಗೂ ಕಷ್ಟವಾಗುತ್ತದೆ.

ಇನ್ನು ಊಟದ ಕಾಯಿಲೆ. ಇದು ಮುಂಬೈ, ಬೆಂಗಳೂರಿನ ಶ್ರೀಮಂತ ಹುಡುಗಿಯರದು, ರೊಟ್ಟಿ ತಿನ್ನುವ ನಮ್ಮ ನಾಡಿನದಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಇದೆ. ಹಾಗೆ ಅನಿಸಲು ಕಾರಣವೂ ಇದೆ. ಊಟ ಬಿಟ್ಟು ಸೊರಗುವ ಈ ಕಾಯಿಲೆಗೆ ಅನೊರೆಕ್ಸಿಯಾ ಎಂದು ಹೆಸರು, ಪುಸ್ತಕದಲ್ಲಿ ಅದೆಂದರೆ ದಪ್ಪಗಾಗುವ ಭಯ. ನಮ್ಮ ಹುಡುಗಿ ಆ ಮಾತೇ ಆಡುವುದಿಲ್ಲ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು ಧಾರವಾಡದ ಹಾಸ್ಟೆಲಿನಲ್ಲಿದ್ದು ಪಿಯುಸಿ ಸೈನ್ಸ್ ಓದುವವಳು (ಇದೂ ಹಲವರನ್ನು ಕೂಡಿಸಿದ ಕತೆ) ಹೇಳುವುದು: "ಒಂದ್ ತುತ್ತು ಉಂಡ್ರೂ ಹೊಟ್ಟಿ ಉಬ್ಬತೈತ್ರಿ, ನೋಯ್ತೈತ್ರಿ. ಹಸಿವಾನ ಆಗೂದಿಲ್ಲ." ಹಾಗಾಗಿ ಹೊಟ್ಟೆಯ ಡಾಕ್ಟರು, ಅಲ್ಲಿಂದ ಸ್ಕೋಪಿ, ಅಲ್ಲಿಂದ ಆ್ಯಸಿಡಿಟಿ ಗುಳಿಗೆ. ಮುಟ್ಟು ನಿಂತು ತಿಂಗಳುಗಳಾದದ್ದನ್ನು ಯಾರೂ ಕೇಳಿಲ್ಲ. ಸೋಮವಾರ, ಗುರುವಾರ, ಏಕಾದಶಿ, ಶ್ರಾವಣ ಎಂದು ಉಪವಾಸಗಳು ಒಂದಕ್ಕೊಂದು ಕೂಡಿಕೊಂಡದ್ದನ್ನು ಯಾರೂ ಗಮನಿಸಿಲ್ಲ. ತಾಯಿಗೆ ಮೊದಲಿಗೆ ಖುಷಿಯೇ ಆಗಿತ್ತು, ಮಗಳಿಗೆ ದೇವರ ಮೇಲೆ ಭಕ್ತಿ ಬಂತೆಂದು. ವ್ರತ ತಪ್ಪಲ್ಲ. ವ್ರತ ಮುಗಿದ ಸಂಜೆ ಉಣ್ಣಲಾಗುತ್ತದೆಯೇ ಇಲ್ಲವೇ ಎಂಬುದು ನಾನು ಕೇಳುವ ಪ್ರಶ್ನೆ.

ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಇಂಥವರನ್ನೇ ಕಂಡಿದ್ದರು: ತೂಕ ಅಪಾಯಕ್ಕಿಳಿದಿದೆ, ದಪ್ಪಗಾಗುವ ಭಯದ ಮಾತಿಲ್ಲ, ಹೊಟ್ಟೆ ತುಂಬಿದಂತಿದೆ ಎನ್ನುತ್ತಾರೆ. ಭಾರತದ ಮನೋವೈದ್ಯರೂ ಅದೇ ದಶಕದಲ್ಲಿ ಇದನ್ನೇ ಹೋಲುವ ಯುವತಿಯರ ಬಗ್ಗೆ ವರದಿ ಮಾಡಿದರು. ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ಕಾಯಿಲೆಗೆ ಹೆಸರಿಟ್ಟಾಗಲೂ ದಪ್ಪದ ಭಯ ಅದರ ಮುಖ್ಯ ಗುರುತಾಗಿರಲಿಲ್ಲ. ಎಲ್ಲ ಊರಿನ ಹುಡುಗಿಯರೂ ಪಠ್ಯಪುಸ್ತಕದ ಭಾಷೆಯಲ್ಲೇ ನರಳಬೇಕೆಂದು ನಾವು ಯಾಕೆ ಕಾಯುತ್ತೇವೆ?

ಹೊಟ್ಟೆಯ ಉಬ್ಬರ ಸುಳ್ಳಲ್ಲ ಎಂಬುದನ್ನು ತಾಯಿತಂದೆಗೆ ಹೇಳಲೇಬೇಕು. ಉಪವಾಸ ಬಿದ್ದ ಜಠರ ನಿಧಾನವಾಗಿ ಖಾಲಿಯಾಗುತ್ತದೆ. ಸ್ವಲ್ಪ ಉಂಡರೂ ಭಾರವಾಗುತ್ತದೆ, ಭಾರವಾಯಿತೆಂದು ಇನ್ನೂ ಕಡಿಮೆ ಉಣ್ಣುತ್ತಾಳೆ. ಹಸಿವು ಮನಸ್ಸನ್ನು ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಮಿನೆಸೋಟಾದ ಪ್ರಯೋಗಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಆರೋಗ್ಯವಂತ 36 ಯುವಕರಿಗೆ, ಅವರ ಒಪ್ಪಿಗೆಯಿಂದ, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಯಾವ ಮಾನಸಿಕ ಕಾಯಿಲೆಯೂ ಇರದಿದ್ದ ಆ ಗಂಡಸರು ಊಟದ ಕನಸು ಕಂಡರು, ಅಡುಗೆ ಪುಸ್ತಕ ಓದುತ್ತ ಕುಳಿತರು, ತುತ್ತನ್ನು ತಾಸುಗಟ್ಟಲೆ ಎಳೆದರು, ತಟ್ಟೆ ನೆಕ್ಕಿದರು, ಗೆಳೆಯರಿಂದ ದೂರ ಸರಿದರು. ನಾವು "ಹುಡುಗಿಯ ಹಟ" ಎನ್ನುವ ಎಷ್ಟೋ ವರ್ತನೆ ಹಸಿವಿನ ಲಕ್ಷಣ. ಅದಕ್ಕೇ ಮೊದಲ ಔಷಧ ಊಟ, ಆಪ್ತ ಮಾತುಕತೆ ಆಮೇಲೆ. ಹಸಿದ ಮಿದುಳಿಗೆ ನನ್ನ ಮಾತು ಹತ್ತುವುದಿಲ್ಲ.

ಹಾಗೆಂದು ತಿಂಗಳುಗಟ್ಟಲೆ ಸೊರಗಿದ ಮಗಳನ್ನು ಮನೆಗೆ ಕರೆತಂದು ಹೋಳಿಗೆ-ತುಪ್ಪ ತುಂಬಿಸುವುದೂ ಅಪಾಯ. ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೆ ಪೆಟ್ಟಾಗಬಹುದು. ತೂಕ ತೀರಾ ಇಳಿದವರಿಗೆ ಊಟ ಏರಿಸುವುದು ವೈದ್ಯರ ಕಣ್ಣೆದುರೇ ಆಗಬೇಕು. ಇನ್ನೊಂದು ಎಚ್ಚರ: ರಕ್ತದ ರಿಪೋರ್ಟ್ ನಾರ್ಮಲ್ ಇದ್ದರೂ ಕಾಯಿಲೆ ತೀವ್ರವಾಗಿರಬಹುದು, ದೇಹ ಕೊನೆಯವರೆಗೂ ಸಂಭಾಳಿಸಿಕೊಂಡು ಹೋಗುತ್ತದೆ. ನಾಡಿ ತೀರಾ ನಿಧಾನ, ಎದ್ದು ನಿಂತರೆ ತಲೆಸುತ್ತು, ಕೈಕಾಲು ತಣ್ಣಗೆ, ಇವು ಕಾಗದಕ್ಕಿಂತ ಮೊದಲು ಹೇಳುತ್ತವೆ. ಉಂಡು ವಾಂತಿ ಮಾಡುವವರ ತೂಕ ಸರಿಯಾಗಿಯೇ ಇರಬಹುದು. ಅವರಲ್ಲಿ ಊದಿದ ಕೆನ್ನೆ, ಸವೆದ ಹಲ್ಲು, ಬೆರಳ ಗೆಣ್ಣಿನ ಮೇಲಿನ ಗಾಯದ ಕಲೆ ನೋಡಬೇಕು, ಪೊಟ್ಯಾಸಿಯಂ ಅಳೆಯಬೇಕು. ಗಂಡುಹುಡುಗರಿಗೂ ಇದು ಬರುತ್ತದೆ.

ಇಷ್ಟನ್ನೂ ಕಂಡುಹಿಡಿಯಲು ಹೊಸ ಯಂತ್ರ ಬೇಕಿಲ್ಲ. ರೋಗಿ ಮಾತು ಮುಗಿಸುವತನಕ ಸುಮ್ಮನಿರಬೇಕು. 1984ರಲ್ಲಿ ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ವೈದ್ಯರ ಬಳಿಯ 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ವೈದ್ಯರು ಸರಾಸರಿ 18 ಸೆಕೆಂಡಿಗೆ ರೋಗಿಯ ಮಾತು ತಡೆದಿದ್ದರು. ಬಿಟ್ಟರೆ ಎಷ್ಟು ಹೊತ್ತು ಮಾತಾಡಬಹುದು? ಸ್ವಿಟ್ಜರ್ಲೆಂಡಿನ ತಂಡವೊಂದು 2002ರಲ್ಲಿ ಅಳೆದು ಹೇಳಿತು: ಸರಾಸರಿ 92 ಸೆಕೆಂಡು. ನಮ್ಮ ಸರ್ಕಾರಿ ಓಪಿಡಿಯ ಸಾಲು ಎಷ್ಟುದ್ದವೆಂದು ನನಗೆ ಗೊತ್ತು. ಆದರೂ ಒಂದೂವರೆ ನಿಮಿಷ ಕೇಳದೆ ಆಮೇಲೆ ಸಾವಿರಾರು ರೂಪಾಯಿಯ ಸ್ಕ್ಯಾನ್ ಬರೆಯುವುದು ಯಾವ ಉಳಿತಾಯ?

ಹುಬ್ಬಳ್ಳಿಯಲ್ಲಿ 1957ರಿಂದ ವೈದ್ಯಕೀಯ ಕಾಲೇಜಿದೆ. ಧಾರವಾಡದಲ್ಲಿ 1845ರಷ್ಟು ಹಿಂದೆ ಶುರುವಾದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ನಿಂತಿದೆ. ಗದಗ, ಹಾವೇರಿಗಳಿಗೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಕಲಿಸಲು ಜಾಗಕ್ಕೆ ಕೊರತೆಯಿಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯಿಲ್ಲದ ಕಾರಣ ವಿದ್ಯಾರ್ಥಿಗಳು ಅದನ್ನು ಹಗುರಾಗಿ ಓದುತ್ತಾರೆ. 2019ರ ಹೊಸ ಪಠ್ಯಕ್ರಮದಲ್ಲಿ ನಡತೆ, ನೀತಿ ಮತ್ತು ಸಂವಹನಕ್ಕೆಂದೇ ಏಟ್‌ಕಾಮ್ ತರಗತಿಗಳು ಬಂದದ್ದು ಒಳ್ಳೆಯ ಹೆಜ್ಜೆ. ಆದರೆ ತರಗತಿಯಲ್ಲಿ ಕಲಿತದ್ದನ್ನು ವಾರ್ಡಿನಲ್ಲಿ ಸೀನಿಯರ್ ಮಾಡಿ ತೋರಿಸದಿದ್ದರೆ ಅದು ಲಾಗ್‌ಬುಕ್ಕಿನ ಸಹಿಯಲ್ಲೇ ಉಳಿಯುತ್ತದೆ. ಅಮೆರಿಕದ ಹೊಜಾತ್ ತಂಡ 2009ರಲ್ಲಿ ತೋರಿಸಿದ್ದು ಇದೇ ಆತಂಕ: ವಿದ್ಯಾರ್ಥಿಗಳು ರೋಗಿಗಳ ಹತ್ತಿರ ಬರುವ ಮೂರನೇ ವರ್ಷದಲ್ಲೇ ಅವರ ಅನುಕಂಪದ ಅಂಕ ಕುಸಿದಿತ್ತು. ಈ ಮಕ್ಕಳೂ ನಿದ್ದೆಗೆಟ್ಟು, ಮೆಸ್ ಬಿಟ್ಟು, ಚಹಾದ ಮೇಲೆ ದಿನ ನೂಕುವವರೇ. 1990ರ ದಶಕದಲ್ಲಿ ಚೆನ್ನೈನ ಮನೋವೈದ್ಯರು ಊಟದ ಸಂಕಟವನ್ನು ಗುರುತಿಸಿದ್ದು ವೈದ್ಯ ವಿದ್ಯಾರ್ಥಿಗಳಲ್ಲೇ. ತಮ್ಮ ಹಸಿವನ್ನೇ ಮರೆಯಲು ಕಲಿಸಿದ ಮೇಲೆ ಇನ್ನೊಬ್ಬರ ಹಸಿವನ್ನು ಕೇಳು ಎಂದರೆ ಹೇಗೆ ಕೇಳಿಯಾರು?

ನಮ್ಮಲ್ಲಿಗೆ ಪೋಸ್ಟಿಂಗ್ ಮೇಲೆ ಬರುವ ಇಂಟರ್ನ್‌ಗಳಿಗೆ ನಾನು ಹೇಳಿಸಿ ರೂಢಿ ಮಾಡಿಸುವ ಮಾತು ಹೀಗಿದೆ: "ರಿಪೋರ್ಟಿನಾಗ ಅಪಾಯದ ಜಡ್ಡು ಕಂಡಿಲ್ರಿ, ಅದು ಚಲೋ ಸುದ್ದಿ. ನಿಮಗ ತ್ರಾಸ ಆಗಾಕತ್ತಿದ್ದು ಖರೆ. ಯಾಕ ಆಗಾಕತ್ತೈತಿ ಅನ್ನೂದನ್ನ ಇಬ್ಬರೂ ಕೂಡಿ ನೋಡೂಣು." ಮನೋವಿಭಾಗಕ್ಕೆ ಕಳಿಸುವಾಗ ತಾವು ಕೈಬಿಡುತ್ತಿಲ್ಲ ಎಂದೂ ಹೇಳಬೇಕು. ಇಲ್ಲವಾದರೆ ತಮ್ಮನ್ನು ಹುಚ್ಚರ ಲೆಕ್ಕಕ್ಕೆ ಹಾಕಿದರೆಂದು ಜನ ಮನೆಗೇ ಹೋಗಿಬಿಡುತ್ತಾರೆ. ದೂರದ ತಾಲೂಕಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಡಿ, ಕನ್ನಡದಲ್ಲೇ ಮಾತಾಡಬಹುದು.

"ಹೆಚ್ಚಾದ್ರ ಬರ್ರಿ" ಎಂದು ಮಾತ್ರ ಕಳಿಸಬೇಡಿ ಎನ್ನುತ್ತೇನೆ. ನೋವಿನ ಚಿಕಿತ್ಸೆಗೆ ವರ್ತನಾ ವಿಜ್ಞಾನವನ್ನು ತಂದ ವಿಲ್ಬರ್ಟ್ ಫೋರ್ಡೈಸ್ 1970ರ ದಶಕದಲ್ಲೇ ವಿವರಿಸಿದ್ದರು: ನೋವು ಹೆಚ್ಚಾದಾಗ ಮಾತ್ರ ವೈದ್ಯರ ಗಮನ ಸಿಗುವಂತಿದ್ದರೆ, ತಿಳಿದೋ ತಿಳಿಯದೆಯೋ ನೋವಿಗೆ ಅದೇ ಗೊಬ್ಬರವಾಗುತ್ತದೆ. ಆದ್ದರಿಂದ ನೋವಿನ ಅಕ್ಕನಿಗಾಗಲಿ, ಊಟ ಸೇರದ ಹುಡುಗಿಗಾಗಲಿ, ಕೇಸ್ ಶೀಟಿನ ಕೆಳಗೆ ಮುಂದಿನ ಭೇಟಿಯ ತಾರೀಖು ಬರೆದುಕೊಡಿ. ಆರಾಮ ಇದ್ದರೂ ಅವತ್ತು ಬರಬೇಕು, ಇಲ್ಲದಿದ್ದರೂ ಅವತ್ತು ಬರಬೇಕು.