ಹಾವುಮೀನಿನಿಂದ ಕಂಪನಿಯ ಪಾಲಿನವರೆಗೆ: ಕೆನಡಾದ ಮಿಕ್‌ಮಾ ಜನರ ಆರ್ಥಿಕ ಸಂಧಾನ

ಈ ಪಾಠದಲ್ಲಿ ಮೊದಲು ಎಡವುವುದು ಪದದಲ್ಲೇ. 'ರಿಕನ್ಸಿಲಿಯೇಶನ್' ಅನ್ನು 'ರಾಜಿ' ಅಂತ ಬರೆದುಕೊಳ್ಳಬೇಡಿ. ರಾಜಿಯಲ್ಲಿ ಎರಡೂ ಕಡೆಯವರು ಒಂದಿಷ್ಟು ಬಿಟ್ಟುಕೊಡುತ್ತಾರೆ. ಕೆನಡಾದ ಮೂಲನಿವಾಸಿಗಳು ನೆಲ, ನೀರು ಕಳೆದುಕೊಂಡಿದ್ದರು. ಮಕ್ಕಳನ್ನೂ ತಮ್ಮ ನುಡಿ, ಸಂಸ್ಕೃತಿ ಮರೆಸುವ ವಸತಿ ಶಾಲೆಗಳಿಗೆ ಎಳೆದೊಯ್ಯಲಾಗಿತ್ತು. ಇನ್ನು ಬಿಟ್ಟುಕೊಡುವುದೇನು? ಅದಕ್ಕೇ 'ಸಂಧಾನ' ಎನ್ನುತ್ತೇನೆ.

ಆ ವಸತಿ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ, ಇಂತಿಂಥ ಕ್ರಮ ಕೈಗೊಳ್ಳಿ ಎಂದು 94 ಕರೆಗಳನ್ನು ಕೊಟ್ಟಿತು. ನಮಗೆ ಬೇಕಾದದ್ದು 92ನೆಯದು, ಉದ್ಯಮಗಳಿಗೆ ಕೊಟ್ಟದ್ದು. ಯೋಜನೆ ಶುರುವಾಗುವ ಮುನ್ನ ಮೂಲನಿವಾಸಿಗಳ ಒಪ್ಪಿಗೆ ಪಡೆಯಿರಿ, ಉದ್ಯೋಗ ಮತ್ತು ತರಬೇತಿಯಲ್ಲಿ ನ್ಯಾಯವಾದ ಅವಕಾಶ ಕೊಡಿ, ಅವರಿಗೆ ದೀರ್ಘಕಾಲ ಬಾಳುವ ಲಾಭ ಸಿಗಲಿ ಎಂಬುದು ಅದರ ತಿರುಳು. ಇದಕ್ಕೆ ತಳಹದಿ ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆ. ಅಂದು ಭಾರತ ಅದರ ಪರ ಮತ ಹಾಕಿತ್ತು. ವಿರುದ್ಧ ಹಾಕಿದ ನಾಲ್ಕೇ ದೇಶಗಳಲ್ಲಿ ಕೆನಡಾ ಒಂದು. ಅದೇ ಕೆನಡಾ 2021ರಲ್ಲಿ ಆ ಘೋಷಣೆಯನ್ನು ಜಾರಿಗೊಳಿಸಲು ಕಾಯ್ದೆ ಮಾಡಿತು.

ಇಷ್ಟು ಹಿನ್ನೆಲೆ ಸಾಕು. ಇನ್ನು ಒಂದೇ ಪ್ರಕರಣವನ್ನು ಹಿಡಿದು ನೋಡೋಣ.

463 ಪೌಂಡ್ ಹಾವುಮೀನು

1993ರಲ್ಲಿ ಡೊನಾಲ್ಡ್ ಮಾರ್ಷಲ್ ಜೂನಿಯರ್ ಎಂಬ ಮಿಕ್‌ಮಾ ಸಮುದಾಯದವರು ಕೆನಡಾದ ಪೂರ್ವ ಕರಾವಳಿಯ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ 463 ಪೌಂಡ್ ಈಲ್, ಅಂದರೆ ಹಾವುಮೀನು, ಹಿಡಿದು 787 ಡಾಲರಿಗೆ ಮಾರಿದರು. ಪರವಾನಗಿ ಇಲ್ಲ, ಹಿಡಿಯುವ ಕಾಲವೂ ಅಲ್ಲ ಎಂದು ಕೇಸು ಬಿತ್ತು. (ಮಾಡದ ಕೊಲೆಗೆ 11 ವರ್ಷ ಜೈಲಿನಲ್ಲಿದ್ದು ಬಂದ ಮನುಷ್ಯ ಇವರೇ. ಮತ್ತೊಮ್ಮೆ ಕಟಕಟೆ ಹತ್ತುವುದೆಂದರೆ ಏನೆಂದು ಯೋಚಿಸಿ.) ಬ್ರಿಟಿಷ್ ದೊರೆತನ 1760-61ರಲ್ಲಿ ತಮ್ಮ ಹಿರಿಯರೊಡನೆ ಮಾಡಿಕೊಂಡ ಒಪ್ಪಂದವನ್ನು ಅವರು ಮುಂದಿಟ್ಟರು. 1999ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ಅವರ ಕಡೆ ತೀರ್ಪು ಕೊಟ್ಟಿತು: ಮೀನು ಹಿಡಿದು ಮಾರಿ 'ಸಾಧಾರಣ ಜೀವನೋಪಾಯ' ಕಂಡುಕೊಳ್ಳುವ ಹಕ್ಕು ಆ ಒಪ್ಪಂದದಲ್ಲಿದೆ.

'ಸಾಧಾರಣ' ಎಂದರೆ ಎಷ್ಟು? ಕೋರ್ಟ್ ಅದನ್ನು ಅಂಕಿಯಲ್ಲಿ ಹೇಳಲಿಲ್ಲ. ಈ ಪದದ ಕೆಳಗೆ ಗೆರೆ ಎಳೆದಿಟ್ಟುಕೊಳ್ಳಿ.

ಸಾಲ ಯಾಕೆ ಹುಟ್ಟುತ್ತಿರಲಿಲ್ಲ?

ಹಕ್ಕು ಸಿಕ್ಕಿತು, ಸರಿ. ದೋಣಿಗೆ, ಬಲೆಗೆ, ಕಾರ್ಖಾನೆಗೆ ಬಂಡವಾಳ ಎಲ್ಲಿಂದ? ಇಡೀ ವಿಷಯದಲ್ಲಿ ಇದೇ ಮುಖ್ಯ ಗಂಟು ಎಂದು ನನ್ನ ಎಣಿಕೆ. 1876ರಷ್ಟು ಹಳೆಯ ಇಂಡಿಯನ್ ಆಕ್ಟ್ (ಇಲ್ಲಿ 'ಇಂಡಿಯನ್' ಎಂದರೆ ಕೆನಡಾದ ಮೂಲನಿವಾಸಿ) ಇಂದಿಗೂ ಇದೆ. ಅದರ ಪ್ರಕಾರ ರಿಸರ್ವ್, ಅಂದರೆ ಮೂಲನಿವಾಸಿ ಸಮುದಾಯಕ್ಕೆಂದು ಮೀಸಲಿಟ್ಟ ಜಮೀನಿನ ಒಡೆತನ ಸರ್ಕಾರದ್ದು, ಬಳಕೆ ಸಮುದಾಯದ್ದು. ಅದರ 89ನೇ ಸೆಕ್ಷನ್ ಪ್ರಕಾರ ರಿಸರ್ವ್‌ನಲ್ಲಿರುವ ಅವರ ಆಸ್ತಿಯನ್ನು ಹೊರಗಿನವರು ಅಡಮಾನ ಹಿಡಿಯುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಸಾಲಕ್ಕೆ ಸಿಕ್ಕಿ ನೆಲ ಕೈತಪ್ಪದಿರಲಿ ಎಂಬ ರಕ್ಷಣೆ ಇದರಲ್ಲಿದೆ, ಅದನ್ನು ಹಗುರಾಗಿ ಕಾಣಬಾರದು. ಆದರೆ ಆಧಾರವಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ನೆಲವಿದ್ದೂ ಕೈ ಖಾಲಿ.

ದಾರಿ ತೆರೆದದ್ದು 2005ರ ಹಣಕಾಸು ನಿರ್ವಹಣಾ ಕಾಯ್ದೆ. ಅದರಡಿ ಬಂದ ಫಸ್ಟ್ ನೇಷನ್ಸ್ (ಮಿಕ್‌ಮಾ ಥರದ ಮೂಲನಿವಾಸಿ ಸಮುದಾಯಗಳಿಗೆ ಅಲ್ಲಿನ ಹೆಸರು) ಹಣಕಾಸು ಪ್ರಾಧಿಕಾರ ಹಲವು ಸಮುದಾಯಗಳ ಪರವಾಗಿ ಒಟ್ಟಿಗೆ ಸಾಲ ಎತ್ತುತ್ತದೆ. 2014ರಲ್ಲಿ ಅದರ ಮೊದಲ ಬಾಂಡ್, ಅಂದರೆ ಸಾಲಪತ್ರ, ಹೊರಬಂತು. ಇಲ್ಲಿ ಆಧಾರಕ್ಕೆ ಇಡುವುದು ಸಮುದಾಯಗಳ ಆದಾಯವನ್ನು, ಭೂಮಿಯನ್ನಲ್ಲ. ನಮ್ಮ ಸ್ವಸಹಾಯ ಸಂಘಗಳಲ್ಲಿ ಒಬ್ಬರಿಗೊಬ್ಬರು ನಿಲ್ಲುವುದನ್ನು ಕಂಡವರಿಗೆ ಇದರ ಬಲ ಬೇಗ ಹೊಳೆಯುತ್ತದೆ.

ಇದರ ಫಲ ಕಾಣಿಸಿದ್ದು 2020ರ ನವೆಂಬರ್‌ನಲ್ಲಿ. ಉತ್ತರ ಅಮೆರಿಕದ ದೊಡ್ಡ ಕಡಲಾಹಾರ ಕಂಪನಿಗಳಲ್ಲೊಂದಾದ ಕ್ಲಿಯರ್‌ವಾಟರ್ ಅನ್ನು ಪ್ರೀಮಿಯಂ ಬ್ರ್ಯಾಂಡ್ಸ್ ಎಂಬ ಆಹಾರ ಕಂಪನಿಯ ಜೊತೆಗೂಡಿ, ಮೆಂಬರ್ಟೂ ಸಮುದಾಯದ ಮುಂದಾಳತ್ವದಲ್ಲಿ ಮಿಕ್‌ಮಾ ಒಕ್ಕೂಟ ಕೊಳ್ಳುವುದಾಗಿ ಘೋಷಣೆಯಾಯಿತು. ವ್ಯವಹಾರದ ಮೊತ್ತ ಸುಮಾರು 100 ಕೋಟಿ ಕೆನಡಾ ಡಾಲರ್, ಮಿಕ್‌ಮಾ ಪಾಲು ಅರ್ಧ. ಇದಕ್ಕೆ ಪ್ರಾಧಿಕಾರ 25 ಕೋಟಿ ಡಾಲರನ್ನು 30 ವರ್ಷದ ಸಾಲವಾಗಿ ಕೊಟ್ಟಿತು. ಕೂಲಿಗೆ ಹೋಗುವುದಕ್ಕೂ ಪಾಲುದಾರರಾಗಿ ಕೂರುವುದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಸಮುದ್ರ ಯಾರ ಲೆಕ್ಕದಲ್ಲಿ ಉಳಿಯಬೇಕು?

ಅದೇ ವರ್ಷ, ಮಾರ್ಷಲ್ ತೀರ್ಪಿಗೆ ಸರಿಯಾಗಿ 21 ವರ್ಷ ತುಂಬಿದ ದಿನ, ಸಿಪೆಕ್ನೆಕಾಟಿಕ್ ಎಂಬ ಇನ್ನೊಂದು ಮಿಕ್‌ಮಾ ಸಮುದಾಯ ತಾನೇ ಪರವಾನಗಿ ಬರೆದುಕೊಟ್ಟು ಲಾಬ್‌ಸ್ಟರ್ (ದೊಡ್ಡ ಸಿಗಡಿಯಂಥ ಕಡಲಜೀವಿ) ಹಿಡಿಯಲು ದೋಣಿ ಇಳಿಸಿತು. ಸರ್ಕಾರ ಗೊತ್ತುಮಾಡಿದ ಹಿಡಿಯುವ ಋತು ಅಲ್ಲಿ ಶುರುವಾಗುವುದು ನವೆಂಬರ್ ಕೊನೆಗೆ. ಲಾಬ್‌ಸ್ಟರ್ ಸಂತತಿ ನಾಶವಾಗುತ್ತದೆಂದು ಇತರ ಮೀನುಗಾರರು ಸಿಟ್ಟಿಗೆದ್ದರು. ಅಕ್ಟೋಬರ್‌ನಲ್ಲಿ ಮಿಕ್‌ಮಾ ಜನರ ಲಾಬ್‌ಸ್ಟರ್ ಇಟ್ಟಿದ್ದ ದಾಸ್ತಾನು ಕಟ್ಟಡವೊಂದು ಸುಟ್ಟುಹೋಯಿತು. ಸಮುದಾಯ ಒಂದು ಪರವಾನಗಿಗೆ ಗೊತ್ತುಮಾಡಿದ್ದು ಲಾಬ್‌ಸ್ಟರ್ ಹಿಡಿಯುವ 50 ಬೋನು. ಅದೇ ಭಾಗದಲ್ಲಿ ವಾಣಿಜ್ಯ ಪರವಾನಗಿಯೊಂದಕ್ಕೆ 375ರಿಂದ 400.

ಸುಸ್ಥಿರತೆಯ ಪ್ರಶ್ನೆಯನ್ನು ಇಲ್ಲಿಂದ ಓದಬೇಕು. ಸಂರಕ್ಷಣೆಗಾಗಿ ಸರ್ಕಾರ ಈ ಹಕ್ಕಿಗೂ ನಿಯಮ ಹಾಕಬಹುದು, ಆದರೆ ಕಾರಣವನ್ನು ಸಮರ್ಥಿಸಬೇಕು ಎಂದು ಕೋರ್ಟ್ 1999ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತ್ತು. ಮಿಕ್‌ಮಾ ನುಡಿಯಲ್ಲಿ 'ನೆಟುಕುಲಿಂಕ್' ಎಂಬ ಮಾತಿದೆ: ಬದುಕಿಗೆ ಬೇಕಾದಷ್ಟು ಪಡೆ, ಪ್ರಕೃತಿಯ ಕಸುವು ಕುಂದದಂತೆ ಪಡೆ. ಪರಿಸರ ರಕ್ಷಣೆಯನ್ನು ಹೊರಗಿನವರು ಬಂದು ಕಲಿಸಬೇಕೆಂಬ ಊಹೆಯೇ ತಪ್ಪು ಎಂಬುದಕ್ಕೆ ಈ ಒಂದು ಪದ ಸಾಕು.

ಪರೀಕ್ಷೆಯಲ್ಲಿ ಹಲವರು ಕ್ಲಿಯರ್‌ವಾಟರ್ ಬರೆದು ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಕಂಪನಿಯ ಪಾಲು ಸಮುದಾಯದ ಬೊಕ್ಕಸಕ್ಕೆ ಹೋಗುತ್ತದೆ. ಒಪ್ಪಂದದ ಹಕ್ಕೂ ಸಮುದಾಯದ್ದೇ, ಆದರೆ ಅದನ್ನು ಚಲಾಯಿಸುವವನು ಸಣ್ಣ ದೋಣಿಯಲ್ಲಿ ತಾನೇ ಹೋಗಿ ಹಿಡಿದು ಮಾರುವವನು. ಮೊದಲನೆಯದು ಸಿಕ್ಕಿತೆಂದು ಎರಡನೆಯದು ತೀರುವುದಿಲ್ಲ. ಉತ್ತರದಲ್ಲಿ 50 ಬೋನಿನ ಆ ದೋಣಿಗೂ ಒಂದು ಪ್ಯಾರಾ ಕೊಡಿ.