ಕತ್ತಲೇ ಆಗದ ಊರಲ್ಲಿ ಅವರೆ ಹೂ ಬಿಟ್ಟೀತೇ?

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಜೂನ್ ತಿಂಗಳ ರಾತ್ರಿ ಹನ್ನೊಂದಕ್ಕೂ ಹಿತ್ತಲಲ್ಲಿ ಕೂತು ಕಳೆ ಕೀಳಬಹುದು. ದೀಪ ಬೇಕಿಲ್ಲ. ಸೂರ್ಯ ಮುಳುಗುವುದೇ ನಡುರಾತ್ರಿ ದಾಟಿದ ಮೇಲೆ, ಅದೂ ಎರಡು ಗಂಟೆ ಮಟ್ಟಿಗೆ. ಆ ಎರಡು ಗಂಟೆಯಲ್ಲೂ ಮುಸ್ಸಂಜೆಯ ಬೆಳಕು ಆರುವುದಿಲ್ಲ. ಡಿಸೆಂಬರಿನಲ್ಲಿ ಇದೇ ಊರಿಗೆ ನಾಲ್ಕು ಗಂಟೆಗೂ ಕಮ್ಮಿ ಹಗಲು. ಚಳಿ ಮೈನಸ್ 40 ಡಿಗ್ರಿ ಮುಟ್ಟುವುದೂ ಉಂಟು.

ಇಂಥ ಕಡೆ ತೋಟ ಮಾಡುವವರಿಗೆ ಚಳಿಯದ್ದೇ ದೊಡ್ಡ ಕಾಟ ಅಂದುಕೊಳ್ಳುತ್ತೇವೆ, ಅಲ್ವಾ? ಚಳಿಗಾದರೆ ಹೊದಿಕೆ ಇದೆ, ಹೀಟರ್ ಇದೆ. ಗಿಡಗಳ ಲೆಕ್ಕವನ್ನೇ ತಲೆಕೆಳಗು ಮಾಡುವುದು ಹಗಲಿನ ಉದ್ದ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಹೆಚ್ಚೂಕಮ್ಮಿ ಒಂದೂವರೆ ಗಂಟೆ. ಫೇರ್‌ಬ್ಯಾಂಕ್ಸ್‌ನಲ್ಲಿ ಅದು 18 ಗಂಟೆ. ಮಾರ್ಚ್ ತಿಂಗಳಲ್ಲಿ ಅಲ್ಲಿ ದಿನಕ್ಕೆ ಆರೇಳು ನಿಮಿಷದಂತೆ ಹಗಲು ಬೆಳೆಯುತ್ತದೆ. ನಮ್ಮಲ್ಲಿ ದಿನಕ್ಕೆ ಒಂದು ನಿಮಿಷವೂ ಇಲ್ಲ.

ಇಷ್ಟೊಂದು ಬೆಳಕು ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಎಲೆಕೋಸು ನೋಡಬೇಕು. ಅಲಾಸ್ಕಾದ ದಕ್ಷಿಣಕ್ಕಿರುವ ಪಾಮರ್ ಊರಿನ ಜಾತ್ರೆಯಲ್ಲಿ 2012ರಲ್ಲಿ ತೂಗಿದ ಒಂದು ಎಲೆಕೋಸು 62.7 ಕಿಲೋ ಇತ್ತು. ಒಬ್ಬ ವಯಸ್ಕನ ತೂಕ! ಉತ್ತರದ ಬಿಸಿಲು ಓರೆ, ಹಾಗಾಗಿ ಅಷ್ಟು ಚುರುಕಿಲ್ಲ. ಆದರೆ ಗಂಟೆಗಟ್ಟಲೆ ಬೀಳುತ್ತದೆ. ವಾತಾವರಣದ ನೆತ್ತಿಯ ಮೇಲೆ ಅಳೆದರೆ, ಜೂನ್ 21ರಂದು ಆ ಅಕ್ಷಾಂಶಕ್ಕೆ ಬೀಳುವ ಇಡೀ ದಿನದ ಬಿಸಿಲು ಸಮಭಾಜಕಕ್ಕೆ ಬೀಳುವುದಕ್ಕಿಂತ ಜಾಸ್ತಿ. ಜೊತೆಗೆ ಹವೆ ತಂಪು. ತಂಪಿನಲ್ಲಿ ಗಿಡ ಉಸಿರಾಟಕ್ಕೆ ಕರಗಿಸುವ ಸಕ್ಕರೆ ಕಮ್ಮಿ, ಉಳಿದದ್ದೆಲ್ಲ ಎಲೆಗೆ. ಇನ್ನೊಂದು ಅನುಕೂಲವೂ ಇದೆ. ಎಲೆಕೋಸಿಗೆ ಹೂ ಬಿಡಬೇಕಾದರೆ ಮೊದಲು ವಾರಗಟ್ಟಲೆ ಚಳಿ ತಾಗಬೇಕು. ಹಾಗಾಗಿ ಬರೀ ಉದ್ದ ಹಗಲಿಗೆ ಅದು ಮೋಸಹೋಗುವುದಿಲ್ಲ, ಸುಮ್ನೆ ದಪ್ಪವಾಗುತ್ತಾ ಹೋಗುತ್ತದೆ.

ಸ್ಪಿನಾಚ್ ಸೊಪ್ಪು ಹಾಗಲ್ಲ. ಇದು ನಮ್ಮ ಪಾಲಕ್ ಅಲ್ಲ, ಅದರ ನೆಂಟ. ಹಗಲು ಉದ್ದವಾದರೆ ಕಾಳು ಕಟ್ಟುವ ಕಾಲ ಬಂತು ಎಂದೇ ಅದರ ಲೆಕ್ಕ. ನಾಲ್ಕು ಎಲೆ ಕೊಯ್ಯುವಷ್ಟರಲ್ಲಿ ಸುಳಿಯಿಂದ ದಂಟು ಎದ್ದಿರುತ್ತದೆ. ಎಲೆ ಸಣ್ಣದಾಗಿ, ಚೂಪಾಗಿ, ಬಾಯಿಗಿಟ್ಟರೆ ಕಹಿ. ಮೂಲಂಗಿಯೂ ಹೀಗೇ, ಗೆಡ್ಡೆ ದಪ್ಪವಾಗುವ ಮೊದಲೇ ಹೂವಿಗೆ ತಿರುಗುತ್ತದೆ. ಅದಕ್ಕೇ ಅಲ್ಲಿನವರು ಬೀಜದ ಪೊಟ್ಟಣ ಕೊಳ್ಳುವಾಗ ತಡವಾಗಿ ಹೂ ಬಿಡುವ ತಳಿಯನ್ನೇ ಹುಡುಕುತ್ತಾರೆ.

ಗಿಡಗಳಿಗೆ ಹಗಲಿನ ಅಳತೆ ಗೊತ್ತಾಗುತ್ತದೆ ಎಂದು ತೋರಿಸಿಕೊಟ್ಟವರು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್, 1920ರಲ್ಲಿ. ಆಳೆತ್ತರ ಬೆಳೆದರೂ ಹೂ ಬಿಡದ ಒಂದು ತಂಬಾಕು ತಳಿಯನ್ನು ದಿನಾ ಕತ್ತಲೆ ಕೋಣೆಗೆ ಸೇರಿಸಿ ಅದರ ಹಗಲನ್ನು ಗಿಡ್ಡ ಮಾಡಿದರು. ಹೂ ಬಂತು. ಗಿಡ ಅಳೆಯುವುದು ಮುಖ್ಯವಾಗಿ ರಾತ್ರಿಯನ್ನು ಎನ್ನುವುದು ಆಮೇಲೆ ತಿಳಿಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಪ್ರೋಟೀನು ಕೆಂಪು ಬೆಳಕು ತಾಗಿದರೆ ಒಂದು ರೂಪಕ್ಕೆ ಹೊರಳುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಳೇ ರೂಪಕ್ಕೆ ಮರಳುತ್ತದೆ. ಇದರ ಜೊತೆ ಗಿಡದ ಒಳಗಿನ ಗಡಿಯಾರವೂ ಸೇರಿ ಕತ್ತಲೆಯ ಉದ್ದದ ಲೆಕ್ಕ ಸಿಗುತ್ತದೆ. ನಡುರಾತ್ರಿ ಸ್ವಲ್ಪ ಹೊತ್ತು ಬಲ್ಬು ಉರಿಸಿದರೂ ಆ ಲೆಕ್ಕ ಕೆಡುತ್ತದೆ. ಸೇವಂತಿಗೆ ಬೆಳೆಯುವವರು ಇದನ್ನೇ ಬಳಸಿಕೊಂಡು, ಹೊಲದಲ್ಲಿ ಸಾಲು ಸಾಲು ಬಲ್ಬು ಕಟ್ಟಿ ಹೂವನ್ನು ಮುಂದೂಡುತ್ತಾರೆ.

ಉತ್ತರದ ತೋಟ ಶುರುವಾಗುವುದು ಮನೆಯೊಳಗೆ. ಸಸಿ ಹೊರಗೆ ನಾಟಿಯಾಗುವುದು ಜೂನ್ ಒಂದರ ಆಸುಪಾಸು, ಆಗಸ್ಟ್ ಕೊನೆಗೇ ಇಬ್ಬನಿ ಹೆಪ್ಪುಗಟ್ಟಬಹುದು. ಮೂರು ತಿಂಗಳಲ್ಲಿ ಟೊಮೆಟೊ ಬೀಜದಿಂದ ಹಣ್ಣಿಗೆ ಬರುವ ಮಾತಿಲ್ಲ, ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲೇ ಒಳಗೆ ಬಿತ್ತಬೇಕು. ಕಿಟಕಿಯ ಬೆಳಕು ಸಾಲದು. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆಯಲ್ಲಿ ಕೆಲವು ನೂರು ಲಕ್ಸ್ (ಬೆಳಕಿನ ಅಳತೆ) ಇದ್ದರೆ ಹೆಚ್ಚು, ಹೊರಗಿನ ನೇರ ಬಿಸಿಲು ಒಂದು ಲಕ್ಷ ಲಕ್ಸ್. ಬೆಳಕು ಸಾಲದ ಸಸಿ ಬಿಳಿಚಿಕೊಂಡು, ನೂಲಿನಂತೆ ಉದ್ದಕ್ಕೆ ಬೆಳೆದು ಬಾಗಿ ಬೀಳುತ್ತದೆ. ಎಲ್ಇಡಿ ದೀಪವನ್ನು ಸಸಿಯ ತಲೆಗೆ ಸಾಕಷ್ಟು ಹತ್ತಿರ ತಂದು ದಿನಕ್ಕೆ 14ರಿಂದ 16 ಗಂಟೆ ಉರಿಸಿದರೆ ಸರಿ. ಹಗಲೂ ರಾತ್ರಿ ಬಿಡದೆ ಉರಿಸಿದರೆ ಟೊಮೆಟೊ ಎಲೆ ಹಳದಿ ತಿರುಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಂಬಾ ಒಣ, ಜೇಡನುಸಿಗೆ ಅದೇ ಹಬ್ಬ.

ಹೊರಗೆ ನೆಟ್ಟ ಮೇಲೂ ಬೇರಿಗೆ ಸುಖವಿಲ್ಲ. ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಎಷ್ಟೋ ಕಡೆ ನೆಲದಡಿ ವರ್ಷವಿಡೀ ಹೆಪ್ಪುಗಟ್ಟಿದ ಮಣ್ಣಿದೆ. ಗಾಳಿ ಬೆಚ್ಚಗಾದರೂ ಮಣ್ಣು ಬೆಚ್ಚಗಾಗುವುದು ನಿಧಾನ. ತಣ್ಣನೆ ಮಣ್ಣಿನಲ್ಲಿ ಬೇರು ರಂಜಕ ಹೀರಲಾರದು. ಟೊಮೆಟೊ ಎಲೆ ಮಗುಚಿ ನೋಡಿದರೆ ಹಿಂಬದಿ ನೇರಳೆ ಬಣ್ಣ. ಇಲ್ಲಿ ಗೊಬ್ಬರ ಸುರಿಯುವುದು ದಂಡ, ಮೊದಲು ಬೇಕಾದ್ದು ಬಿಸಿ. ಏರುಮಡಿ ಮಾಡಿ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಕಪ್ಪು ಹಾಳೆ ತಾನು ಕಾಯುತ್ತದೆ. ಪಾರದರ್ಶಕ ಹಾಳೆ ಬಿಸಿಲನ್ನು ಒಳಗೆ ಬಿಟ್ಟು ಮಣ್ಣನ್ನೇ ಕಾಯಿಸುತ್ತದೆ. ಅದರಡಿ ಕಳೆಯೂ ಚೆನ್ನಾಗಿ ಬೆಳೆಯುತ್ತದೆ, ಆ ಮಾತು ಬೇರೆ.

ಇನ್ನು ಅವರೆ. ಅಲ್ಲಿಗೆ ಹೋದ ಕನ್ನಡಿಗರು ಯಾರಾದರೂ ಊರಿನ ಸೊಗಡವರೆ ಬೀಜ ಬಿತ್ತಿದರು ಅನ್ನಿ. ಹುಟ್ಟುತ್ತದೆ, ಬೆಚ್ಚಗಿಟ್ಟರೆ ಬಳ್ಳಿಯೂ ಹಬ್ಬುತ್ತದೆ. ಹೂ ಮಾತ್ರ ಬರುವುದಿಲ್ಲ. ನಮ್ಮ ಹಳೇ ಅವರೆ ತಳಿಗಳು ಹಗಲು ಗಿಡ್ಡವಾಗುವುದನ್ನೇ ಕಾದು ಹೂ ಬಿಡುವಂಥವು, ಅದಕ್ಕೇ ಇಲ್ಲಿ ಅವರೆಕಾಯಿ ಚಳಿಗಾಲದ ಬೆಳೆ. ಫೇರ್‌ಬ್ಯಾಂಕ್ಸ್‌ನಲ್ಲಿ ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ. ಅಷ್ಟರಲ್ಲಿ ಹಿಮ ಬಳ್ಳಿಯನ್ನು ಕರಕು ಮಾಡಿರುತ್ತದೆ. ಕುಂಡವನ್ನು ದಿನಾ ಸಂಜೆಯಿಂದ ಬೆಳಗಿನವರೆಗೆ ಕಪ್ಪು ಬಟ್ಟೆಯಡಿ ಮುಚ್ಚಿಟ್ಟರೆ ಹೂ ಬರಿಸಬಹುದು, ಒಂದು ದಿನವೂ ಮರೆಯದೆ. ಅದಕ್ಕಿಂತ ಸುಲಭದ ದಾರಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4. ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡಲೆಂದೇ ಇವನ್ನು ಬೆಳೆಸಿದ್ದಾರೆ, ಗಿಡವೂ ಕುಳ್ಳು. ನಮ್ಮಲ್ಲಿ ಬೇಸಿಗೆಯಲ್ಲೂ ಅವರೆಕಾಯಿ ಸಿಗುವುದು ಇಂಥ ತಳಿಗಳಿಂದಲೇ. ಉತ್ತರದಲ್ಲಿ ಹಸಿರುಮನೆಯೊಳಗೆ, ಬೆಚ್ಚಗಿನ ಕುಂಡದಲ್ಲಿ ಪ್ರಯತ್ನಿಸುವುದಾದರೆ ಇವೇ ವಾಸಿ. ಬೀಜ ಸಾಗಿಸುವ ಮೊದಲು ಆ ದೇಶದ ಸಸ್ಯ ತಪಾಸಣೆಯ ನಿಯಮ ಒಮ್ಮೆ ನೋಡಿಕೊಳ್ಳಬೇಕು.